ನೋಂದಣಿ ಇಲ್ಲದ ಡೇಕೇರ್ ಬಗ್ಗೆ ಪೋಷಕರಿಗಿರುವ ಅಪಾಯದ ಭಾವನೆಯನ್ನು ನನ್ನ ಸರ್ವೆ ಸರಿಯಾಗಿ ಅಳೆಯುತ್ತದೆಯೇ ಎಂದು ತಿಳಿಯುವುದು ಹೇಗೆ?

ಮೊದಲು ಕೆಲವು ಪೋಷಕರಿಗೆ ಪ್ರಶ್ನೆ ಓದಿಸಿ, ಏನು ಅರ್ಥವಾಯಿತು ಎಂದು ಅವರ ಮಾತಲ್ಲೇ ಹೇಳಿಸಿ. ‘ಮಗು ಅಲ್ಲಿ ಸುರಕ್ಷಿತವೇ?’ ಎಂದಾಗ ಒಬ್ಬರು ಬಿದ್ದು ಗಾಯವಾಗುವುದನ್ನು, ಇನ್ನೊಬ್ಬರು ಹೊಡೆತವನ್ನು ನೆನೆದರೆ ಆ ಪ್ರಶ್ನೆಯನ್ನು ಒಡೆಯಲೇಬೇಕು. ಶಿಶುಪಾಲನೆ ಬಲ್ಲ ತಜ್ಞರಿಗೂ ತೋರಿಸಿ. ಬಿಟ್ಟುಹೋದ ಅಪಾಯಗಳು ಅವರಿಗೆ ಬೇಗ ಕಾಣುತ್ತವೆ.

ಆಮೇಲೆ ಪೈಲಟ್ ಸರ್ವೆ (ಚಿಕ್ಕ ಗುಂಪಿನ ಮೇಲೆ ಪ್ರಯೋಗ), ನಂತರ ಫ್ಯಾಕ್ಟರ್ ಅನಾಲಿಸಿಸ್, ಅಂದರೆ ಯಾವ ಪ್ರಶ್ನೆಗಳ ಉತ್ತರಗಳು ಒಟ್ಟಿಗೆ ಗುಂಪಾಗುತ್ತವೆ ಎಂದು ನೋಡುವ ಲೆಕ್ಕ. ಕ್ರೋನ್‌ಬ್ಯಾಕ್ ಆಲ್ಫಾ (ಪ್ರಶ್ನೆಗಳ ಹೊಂದಾಣಿಕೆ ಅಳೆಯುವ ಅಂಕ) ಸಾಮಾನ್ಯವಾಗಿ ಸಾಕು ಎನ್ನುವ 0.7 ದಾಟಿದ ತಕ್ಷಣ ಸುಮ್ನೆ ಖುಷಿಪಡಬೇಡಿ. ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವೆ ಎಂದಷ್ಟೇ ಅದು ಹೇಳುತ್ತದೆ. ಅಳೆದದ್ದು ಅಪಾಯದ ಭಾವನೆಯೋ, ಬರೀ ಸಾಮಾನ್ಯ ಆತಂಕವೋ? ಅದಕ್ಕೆ ಆತಂಕದ ಬೇರೆ ಮಾಪಕವನ್ನೂ ಜೊತೆಗೆ ಕೊಟ್ಟು ನೋಡಿ. ಎರಡರ ಅಂಕಗಳು ತೀರಾ ಜಾಸ್ತಿ ಹೊಂದಿದರೆ ಅನುಮಾನಪಡಿ. ಇನ್ನೊಂದು ವಿಷಯ: ಮಗುವನ್ನು ಈಗಾಗಲೇ ಅಂಥ ಕಡೆ ಬಿಡುತ್ತಿರುವವರು ಅಪಾಯವನ್ನು ಕಡಿಮೆ ಹೇಳಬಹುದು. ಅವರ ಉತ್ತರಗಳನ್ನು ಪ್ರತ್ಯೇಕವಾಗಿ ನೋಡಿ.