ಕಾರಣವನ್ನೇ ಕೇಳದ ಕೌನ್ಸೆಲರ್

ಪ್ರಶ್ನೆ: ಮಗ ಎರಡನೇ ಪಿಯುಸಿ ಸೈನ್ಸ್. ದಸರಾ ರಜೆ ಮುಗಿದ ಮೇಲೆ ಕಾಲೇಜಿಗೆ ಹೋಗುವುದನ್ನೇ ನಿಲ್ಲಿಸಿಬಿಟ್ಟ. ಬೆಳಿಗ್ಗೆ ಆದರೆ ಹೊಟ್ಟೆನೋವು. ಎಲ್ಲ ಪರೀಕ್ಷೆ ಮಾಡಿಸಿದೆವು, ಡಾಕ್ಟರು ದೇಹಕ್ಕೆ ಏನೂ ಇಲ್ಲ ಅಂದರು. ಕೋಲಾರದಲ್ಲಿ ಒಬ್ಬ ಕೌನ್ಸೆಲರ್ ಹತ್ತಿರ ನಾಲ್ಕು ಸಲ ಕರೆದುಕೊಂಡು ಹೋದೆ. ಆ ಮಹಾತಾಯಿ ಒಂದು ಸಲವೂ ‘ಯಾಕಪ್ಪ ಹೋಗಲ್ಲ?’ ಅಂತ ಕೇಳಲಿಲ್ಲ. ರಾತ್ರಿ ಪವಾಡ ನಡೆದರೆ ಬೆಳಿಗ್ಗೆ ಹೇಗಿರುತ್ತೆ ಅಂತ ಕೇಳಿದರು. ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹೇಳು ಅಂದರು. ನಾಲ್ಕನೇ ಸಲ ‘ಇನ್ನು ಬೇಕು ಅನ್ನಿಸಿದರೆ ಮಾತ್ರ ಬನ್ನಿ’ ಅಂತ ಕಳಿಸಿಬಿಟ್ಟರು. ಈಗ ವಾರಕ್ಕೆ ನಾಲ್ಕು ದಿನ ಕಾಲೇಜಿಗೆ ಹೋಗುತ್ತಿದ್ದಾನೆ. ಆದರೆ ಮೂಲ ಕಾರಣವೇ ತಿಳಿಯದೆ ವಾಸಿ ಆಗುವುದು ಹೇಗೆ? ಇದು ಚಿಕಿತ್ಸೆಯೋ, ಕಣ್ಕಟ್ಟೋ?
– ಹೆಸರು ಬೇಡ, ಬಂಗಾರಪೇಟೆ

ಉತ್ತರ: ನಿಮ್ಮ ಪತ್ರ ಎರಡು ಪುಟ ಇತ್ತು, ಇಲ್ಲಿ ಕತ್ತರಿಸಿ ಹಾಕಿದ್ದೇವೆ. ಮಗ ವಾರಕ್ಕೆ ನಾಲ್ಕು ದಿನ ಹೋಗುತ್ತಿದ್ದಾನೆ ಅನ್ನುವ ಸುದ್ದಿ ಎರಡನೇ ಪುಟದ ಕೊನೆಗೆ, ಅಂಚಿನಲ್ಲಿ, ಬೇರೆ ಪೆನ್ನಲ್ಲಿ ಇತ್ತು. ಅಪ್ಪಂದಿರ ಪತ್ರಗಳಲ್ಲಿ ಇದು ಹೊಸದೇನಲ್ಲ. ಹೋಗದ ದಿನ ಕಣ್ಣಿಗೆ ಕಂಡಷ್ಟು ಹೋದ ನಾಲ್ಕು ದಿನ ಕಾಣುವುದಿಲ್ಲ. ಆ ಕೌನ್ಸೆಲರ್ ಮಾಡಿದ ಕೆಲಸವೆಲ್ಲ ಇರುವುದು ಆ ನಾಲ್ಕು ದಿನಗಳಲ್ಲೇ.

ಅವರು ಮಾಡಿದ್ದು ಕಣ್ಕಟ್ಟಲ್ಲ. ‘ಪರಿಹಾರ ಕೇಂದ್ರಿತ ಅಲ್ಪಾವಧಿ ಚಿಕಿತ್ಸೆ’ ಅಂತ ಅದಕ್ಕೆ ಹೆಸರು. ಅಮೆರಿಕದ ಮಿಲ್ವಾಕಿ ಎಂಬ ಊರಿನಲ್ಲಿ 1978ರಲ್ಲಿ ಸ್ಟೀವ್ ಡಿ ಶೇಜರ್, ಕೊರಿಯಾದಲ್ಲಿ ಹುಟ್ಟಿದ ಅವರ ಪತ್ನಿ ಇನ್ಸೂ ಕಿಮ್ ಬರ್ಗ್ ಮತ್ತು ಗೆಳೆಯರು ಸೇರಿ ಒಂದು ಕುಟುಂಬ ಚಿಕಿತ್ಸಾ ಕೇಂದ್ರ ತೆರೆದರು. ಒಬ್ಬರು ಒಳಗೆ ಮಾತಾಡಿಸುವುದು, ಉಳಿದವರು ಗಾಜಿನ ಆಚೆ ಕೂತು ನೋಡುವುದು. ಹೀಗೆ ವರ್ಷಗಟ್ಟಲೆ ನೋಡಿ, ಯಾವ ಪ್ರಶ್ನೆ ಕೇಳಿದಾಗ ಜನ ಮುಂದಕ್ಕೆ ಹೆಜ್ಜೆ ಇಡುತ್ತಾರೋ ಅದನ್ನು ಉಳಿಸಿಕೊಂಡರು, ಉಳಿದದ್ದನ್ನು ಬಿಟ್ಟರು. ಮೊದಲೇ ಸಿದ್ಧಾಂತ ಕಟ್ಟಿ ಆಮೇಲೆ ರೋಗಿಯನ್ನು ಹುಡುಕಿದವರಲ್ಲ. ನನಗೆ ಅವರ ಮೇಲೆ ಗೌರವ ಇರುವುದು ಅದಕ್ಕೇ.

ಹಾಗೆ ಗಾಜಿನ ಆಚೆಯಿಂದ ಕಂಡದ್ದು ಇಷ್ಟು: ಎಂಥ ತೊಂದರೆಗೂ ಬಿಡುವಿನ ದಿನ ಅಂತ ಇರುತ್ತದೆ. ದಿನಾ ಜಗಳ ಅನ್ನುವ ಮನೆಯಲ್ಲೂ ಜಗಳ ಆಗದ ಒಂದು ಸಂಜೆ ಸಿಗುತ್ತದೆ. ಆ ಸಂಜೆ ಯಾರು ಏನು ಮಾಡಿದರು ಅಂತ ಕೆದಕಿದರೆ ಅವರ ಕೈಯಲ್ಲಿ ಈಗಾಗಲೇ ಏನಿದೆ ಅನ್ನುವುದು ಗೊತ್ತಾಗುತ್ತದೆ. ನಿಮ್ಮ ಮಗ ರಜೆಯ ನಂತರ ಒಂದೆರಡು ದಿನ ಹೋಗಿದ್ದರೂ ಅದರ ಬಗ್ಗೆ ಆಕೆ ಖಂಡಿತ ಕೇಳಿರುತ್ತಾರೆ. ಆ ದಿನ ಹೇಗೆ ಎದ್ದೆ? ಯಾರ ಜೊತೆ ಹೋದೆ? ಹೊಟ್ಟೆನೋವು ಬಸ್ ಹತ್ತುವ ಮುಂಚೆ ಹೋಯಿತೋ, ಹತ್ತಿದ ಮೇಲೋ?

ಪವಾಡದ ಪ್ರಶ್ನೆ ನಿಮಗೆ ಮಕ್ಕಳ ಕತೆಯಂತೆ ಕೇಳಿಸಿದೆ. ಅದನ್ನು ಸರಿಯಾಗಿ ಕೇಳುವುದು ಹೀಗೆ: ‘ಇವತ್ತು ಊಟ ಮಾಡಿ ಮಲಗುತ್ತೀಯ. ಮನೆಯೆಲ್ಲ ನಿದ್ದೆಯಲ್ಲಿರುವಾಗ ಒಂದು ಪವಾಡ ನಡೆದು ನಿನ್ನ ತೊಂದರೆ ಹೋಗಿಬಿಡುತ್ತೆ. ನಿದ್ದೆಯಲ್ಲಿದ್ದೆ, ಹಾಗಾಗಿ ನಿನಗೆ ಗೊತ್ತಿಲ್ಲ. ಬೆಳಿಗ್ಗೆ ಎದ್ದಾಗ ಮೊಟ್ಟಮೊದಲು ಏನು ನೋಡಿ ಏನೋ ಬದಲಾಗಿದೆ ಅಂತ ತಿಳಿಯುತ್ತೆ?’ ‘ಇನ್ನು ಪವಾಡವೇ ನಡೆಯಬೇಕು’ ಅಂತ ಒಬ್ಬಾಕೆ ಇನ್ಸೂ ಬರ್ಗ್ ಮುಂದೆ ಕೈಚೆಲ್ಲಿದಾಗ, ಸರಿ, ನಡೆಯಿತು ಅಂದುಕೊಳ್ಳೋಣ ಅಂತ ಅವರು ಮಾತು ಮುಂದುವರಿಸಿದ್ದರಿಂದ ಹುಟ್ಟಿದ ಪ್ರಶ್ನೆ ಇದು.

ನಮ್ಮ ಕಡೆ ಹುಡುಗರು ಇದಕ್ಕೆ ಮೊದಲು ಕೊಡುವ ಉತ್ತರ ‘ಏನೋ, ಗೊತ್ತಿಲ್ಲ’. ಎರಡನೆಯದು ‘ಖುಷಿಯಾಗಿರ್ತೀನಿ’. ಎರಡೂ ಕೆಲಸಕ್ಕೆ ಬರುವುದಿಲ್ಲ. ಕಾಯಬೇಕು. ಖುಷಿಯಾಗಿದ್ದರೆ ಏನು ಮಾಡ್ತಾ ಇರ್ತೀಯ, ಅಮ್ಮ ಏನು ನೋಡ್ತಾರೆ, ಅಪ್ಪನಿಗೆ ಹೇಗೆ ಗೊತ್ತಾಗುತ್ತೆ ಅಂತ ಬಿಡಿಸುತ್ತ ಹೋದರೆ ಆಮೇಲೆ ಬರುತ್ತದೆ: ‘ಅಪ್ಪ ತಿಂಡಿ ತಿನ್ನುವಾಗ ಇವತ್ತು ಹೋಗ್ತೀಯೋ ಇಲ್ಲವೋ ಅಂತ ಕೇಳಲ್ಲ’. ನಿಮ್ಮ ಮಗ ಇದನ್ನೇ ಹೇಳಿದ ಅಂತ ನಾನು ಹೇಳುತ್ತಿಲ್ಲ. ಆದರೆ ಇಂಥದ್ದೇನಾದರೂ ಹೇಳಿದ್ದರೆ, ಅದನ್ನು ನಾಳೆಯಿಂದಲೇ ಮಾಡಬಹುದಲ್ಲ? ಅದಕ್ಕೆ ಕಾರಣದ ತನಿಖೆ ಮುಗಿಯಬೇಕಾಗಿಲ್ಲ.

ಅಂಕಿಯ ವಿಷಯ. ಹತ್ತು ಅಂದರೆ ಪವಾಡದ ಮಾರನೆ ದಿನ, ಸೊನ್ನೆ ಅಂದರೆ ತೀರಾ ಕೆಟ್ಟದ್ದು. ಮಗ ಮೂರು ಅಂದ ಅಂತಿಟ್ಟುಕೊಳ್ಳಿ. ನೀವು ಮತ್ತು ನಾನು ತಕ್ಷಣ ಕೇಳುವುದು ‘ಯಾಕೆ ಬರೀ ಮೂರು?’. ನುರಿತವರು ಕೇಳುವುದು ‘ಎರಡು ಯಾಕಲ್ಲ?’. ಆಗ ಅವನು ತನ್ನ ಪರವಾಗಿ ತಾನೇ ಸಾಕ್ಷಿ ಹೇಳಬೇಕಾಗುತ್ತದೆ. ಮುಂದಿನ ಪ್ರಶ್ನೆ, ನಾಲ್ಕಾದರೆ ಏನು ಬೇರೆ ಇರುತ್ತೆ? ಒಮ್ಮೆಗೇ ಹತ್ತಕ್ಕೆ ಹಾರಿಸುವುದಿಲ್ಲ, ಆರೇಳಕ್ಕೆ ಬಂದು ಸಾಕು ಅನ್ನುವವರೇ ಹೆಚ್ಚು. ನಾಲ್ಕು ಸಲಕ್ಕೆ ಮುಗಿಸಿದ್ದೂ ಈ ವಿಧಾನದಲ್ಲಿ ಸಹಜ. ಇಷ್ಟೇ ಭೇಟಿ ಅಂತ ಲೆಕ್ಕ ಇಲ್ಲ, ಬೇಕಾದದ್ದಕ್ಕಿಂತ ಒಂದೂ ಹೆಚ್ಚು ಬೇಡ ಅನ್ನುವುದು ರೂಢಿ. ಬರುತ್ತಲೇ ಇರಿ ಅನ್ನುವವರಿಗಿಂತ ಸಾಕು ಅಂದವರನ್ನು ನಾನು ಹೆಚ್ಚು ನಂಬುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ನಿಮ್ಮ ಅನುಮಾನಕ್ಕೆ ಬೆಲೆ ಇದೆ. ಕಾಲೇಜಿನಲ್ಲಿ ಯಾರಾದರೂ ಹೊಡೆಯುತ್ತಿದ್ದರೆ, ಹೆದರಿಸುತ್ತಿದ್ದರೆ, ಅದು ಹುಡುಗನ ಅಂಕಿ ಏರಿಸಿ ಸರಿಮಾಡುವ ವಿಷಯವಲ್ಲ. ದೊಡ್ಡವರು ಹೋಗಿ ನಿಲ್ಲಿಸಬೇಕು. ಇದನ್ನು ವಿಚಾರಿಸಿದ್ದೀರಾ ಅಂತ ಆ ಕೌನ್ಸೆಲರ್ ಅವರನ್ನೇ ಕೇಳಿ. ಏನು ಓದಿದ್ದೀರಿ, ಎಲ್ಲಿ ತರಬೇತಿ ಅಂತಲೂ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರುತ್ತದೆ. ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಪ್ರಶ್ನೆ: ನಮ್ಮದು ಮುಳಬಾಗಿಲು ಕಡೆ ಹಳ್ಳಿ, ಟೊಮ್ಯಾಟೊ ಬೆಳೆಯುತ್ತೇವೆ. ಹೋದ ಎರಡು ಬೆಳೆ ಕಿತ್ತ ಕೂಲಿಯೂ ಗಿಟ್ಟಲಿಲ್ಲ. ನಮ್ಮವರು ಈಗ ಯಾರ ಜೊತೆಗೂ ಮಾತಿಲ್ಲ, ರಾತ್ರಿ ನಿದ್ದೆ ಇಲ್ಲ. ‘ನಾನು ಹೋದರೆ ನಿಮಗೆಲ್ಲ ಆರಾಮ’ ಅಂತ ಎರಡು ಸಲ ಅಂದರು. ಕೌನ್ಸೆಲಿಂಗ್ ಅಂತೀರಲ್ಲ, ಮಾತಾಡಿದರೆ ಸಾಲ ತೀರುತ್ತಾ ಮೇಡಂ?
– ಓದುಗರೊಬ್ಬರು

ಉತ್ತರ: ತೀರುವುದಿಲ್ಲ ತಾಯಿ. ಆದರೆ ಮೊದಲು ಆ ಕೊನೆಯ ಮಾತು.

‘ನಾನು ಹೋದರೆ ಆರಾಮ’ ಅನ್ನುವುದನ್ನು ಬೇಸರದ ಮಾತು ಅಂತ ಬಿಡಬೇಡಿ. ಇವತ್ತೇ, ಒಬ್ಬರೇ ಇರುವಾಗ, ನೇರವಾಗಿ ಕೇಳಿ: ‘ಸಾಯಬೇಕು ಅಂತ ಯೋಚನೆ ಬರ್ತಿದೆಯಾ?’ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಬಿಡುತ್ತದೆ ಅನ್ನುವುದು ತಪ್ಪು. ಕೇಳಿದ್ದಕ್ಕೆ ಎದೆಯ ಭಾರ ಇಳಿಯಿತು ಅನ್ನುವವರೇ ಜಾಸ್ತಿ. ಮನೆಯಲ್ಲಿರುವ ಔಷಧಿ ಡಬ್ಬಗಳನ್ನು, ನಾನು ಹೇಳುವುದು ಬೆಳೆಗೆ ಹೊಡೆಯುವ ಔಷಧಿ, ಬೇರೆಯವರ ಮನೆಗೆ ಸಾಗಿಸಿ. ಅವರನ್ನು ಒಂಟಿ ಬಿಡಬೇಡಿ. 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ‘ಟೆಲಿ ಮಾನಸ್’ ಸೇವೆ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಕೋಲಾರದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ನೋಡಿ. ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೂ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ, ಆದರೆ ನೀವು ಮಂಗಳವಾರದವರೆಗೆ ಕಾಯಬೇಡಿ. ನಿದ್ದೆ ಇಲ್ಲ, ಮಾತಿಲ್ಲ ಅಂದರೆ ಖಿನ್ನತೆ ಇರಬಹುದು. ಅದಕ್ಕೆ ಮಾತ್ರೆ ಇದೆ. ಈ ಹೊತ್ತಿನಲ್ಲಿ ಅವರ ಮುಂದೆ ಪವಾಡದ ಪ್ರಶ್ನೆ ಇಟ್ಟು ಕೂರುವ ಕೌನ್ಸೆಲರ್ ಸಿಕ್ಕರೆ ಎದ್ದು ಬನ್ನಿ. ಪುಸ್ತಕದಲ್ಲಿದೆ ಅಂತ ಐದನೇ ನಿಮಿಷಕ್ಕೇ ಆ ಪ್ರಶ್ನೆ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅಪಾಯ ಸ್ವಲ್ಪ ತಗ್ಗಿದ ಮೇಲೆ ಮಾತಿಗೆ ಕೆಲಸ ಇದೆ. ಇದೇ ವಿಧಾನದಲ್ಲಿ ಕಷ್ಟದಲ್ಲಿರುವವರಿಗೆ ಕೇಳುವ ಇನ್ನೊಂದು ಪ್ರಶ್ನೆ ಉಂಟು: ‘ಇಷ್ಟೆಲ್ಲ ಆದರೂ ಇಲ್ಲಿಯವರೆಗೆ ಹೇಗೆ ತಡೆದುಕೊಂಡಿರಿ?’ ಉಬ್ಬಿಸುವುದಕ್ಕಲ್ಲ, ನಿಜವಾಗಿ ತಿಳಿಯುವುದಕ್ಕೆ. ಕೋಲಾರದ ಎಪಿಎಂಸಿಯಲ್ಲಿ 2023ರ ಜುಲೈನಲ್ಲಿ ಹದಿನೈದು ಕೆಜಿ ಬಾಕ್ಸು ಎರಡು ಸಾವಿರ ದಾಟಿದ್ದನ್ನೂ ಕಂಡವರು ನಾವು, ರಸ್ತೆ ಬದಿ ಸುರಿದು ಹೋದದ್ದನ್ನೂ ಕಂಡವರು. ಹಾಗಾಗಿ ಇಲ್ಲಿಯ ರೈತರಿಗೆ ಪವಾಡ ಅಂದರೆ ಒಂದೇ, ರೇಟು. ‘ರೇಟು ನನ್ನ ಕೈಲೂ ಇಲ್ಲ, ನಿಮ್ಮ ಕೈಲೂ ಇಲ್ಲ. ಬಂತು ಅಂದುಕೊಳ್ಳಿ, ಆ ದಿನ ಸಂಜೆ ಮನೇಲಿ ಏನು ಬೇರೆ ಇರುತ್ತೆ?’ ಅಂತ ಕೇಳಿದರೆ ಉತ್ತರ ಸಣ್ಣದಾಗುತ್ತ ಬರುತ್ತದೆ. ಮಗಳ ಜೊತೆ ಊಟಕ್ಕೆ ಕೂರ್ತೀನಿ. ಅಂಗಡಿ ಕಟ್ಟೆಗೆ ಹೋಗ್ತೀನಿ, ಈಗ ಸಾಲ ಕೊಟ್ಟವನು ಸಿಗ್ತಾನೆ ಅಂತ ಹೋಗಲ್ಲ. ಊಟಕ್ಕೆ ಕೂರುವುದಕ್ಕೆ ರೇಟು ಬೇಡ. ಅಲ್ಲಿಂದ ಶುರು. ಸಾಲದ ಲೆಕ್ಕವನ್ನು ಬ್ಯಾಂಕಿನವರ ಮುಂದೆ, ಗೊತ್ತಿರುವ ಒಬ್ಬರನ್ನು ಕೂರಿಸಿಕೊಂಡು, ಬೇರೆಯೇ ಮಾಡಿ.

ಪ್ರಶ್ನೆ: ನಾನು ಗೌರಿಬಿದನೂರು ತಾಲ್ಲೂಕಿನ ಹೈಸ್ಕೂಲಿನಲ್ಲಿ ಗಣಿತ ಟೀಚರ್. ಈ ಅಂಕಿ ಕೇಳುವ ಉಪಾಯ ಎಸ್ಸೆಸ್ಸೆಲ್ಸಿ ಮಕ್ಕಳ ಹತ್ತಿರ ಬಳಸಬಹುದಾ?
– ಟೀಚರ್, ಗೌರಿಬಿದನೂರು

ಉತ್ತರ: ಧಾರಾಳವಾಗಿ. ಚಿಕಿತ್ಸೆ ಅಂತ ಹೆಸರಿಡಬೇಡಿ ಅಷ್ಟೆ. ಗಣಿತ ಅಂದರೆ ನಡುಗುವ ಹುಡುಗಿಗೆ, ಯಾವ ಪಾಠದಲ್ಲಿ ನಡುಕ ಸ್ವಲ್ಪ ಕಡಿಮೆ ಇತ್ತು ಅಂತ ಕೇಳಿ, ಆಗ ಹೇಗೆ ಓದಿದಳು ಅಂತ ಅವಳಿಂದಲೇ ಹೇಳಿಸಿ. ಹೊಗಳುವುದಾದರೆ ಕಣ್ಣಿಗೆ ಕಂಡದ್ದನ್ನೇ ಹೊಗಳಿ, ‘ಮೂರನೇ ಸಾಲಿನಲ್ಲಿ ಚಿಹ್ನೆ ನೀನೇ ತಿದ್ದಿಕೊಂಡೆ’ ಅಂತ. ಬರೀ ‘ಗುಡ್’ ಅಂದರೆ ಮಕ್ಕಳಿಗೆ ಸುಳ್ಳು ಗೊತ್ತಾಗುತ್ತದೆ. ವಾರಕ್ಕೆ ಒಂದು ಕೆಲಸ ಕೊಡಿ: ಮುಂದಿನ ಸೋಮವಾರದವರೆಗೆ ಗಣಿತದಲ್ಲಿ ಯಾವುದು ಹೀಗೇ ಮುಂದುವರಿದರೆ ಒಳ್ಳೆಯದು ಅನ್ನಿಸುತ್ತೋ ಅದನ್ನು ಗಮನಿಸಿಕೊಂಡು ಬಾ. ಮಿಲ್ವಾಕಿಯವರು ಮೊದಲ ಭೇಟಿಯ ಕೊನೆಗೆ ಕೊಡುತ್ತಿದ್ದ ಕೆಲಸ ಹೆಚ್ಚುಕಡಿಮೆ ಇದೇ. ಅಂಕಿಯನ್ನು ಮಾತ್ರ ಕ್ಲಾಸಿನಲ್ಲಿ ಎಲ್ಲರ ಮುಂದೆ ಕೇಳಬೇಡಿ, ಸ್ಟಾಫ್ ರೂಮಿನಲ್ಲೂ ಬೇಡ. ಅವಳು ‘ಒಂದು’ ಅಂದಾಗ ಪಕ್ಕದ ಟೇಬಲ್ಲಿನವರು ನಕ್ಕುಬಿಡುತ್ತಾರೆ.