ಕ್ರಿಮಿ ಸತ್ತರೂ ಕಣ್ಣಲ್ಲಿ ಕೀವು ಯಾಕೆ ಉಳಿಯುತ್ತದೆ?

ಕಾಂಟ್ಯಾಕ್ಟ್ ಲೆನ್ಸ್ ಹಾಕುವ ನಿಮ್ಮ ತಮ್ಮನಿಗೆ ಕಾರ್ನಿಯಾದಲ್ಲಿ (ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರ) ಹುಣ್ಣಾಗಿದೆ, ಕಲ್ಚರ್‌ನಲ್ಲಿ (ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆ) ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಬಂದಿದೆ, ಡ್ರಾಪ್ಸ್ ಕೆಲಸ ಮಾಡುತ್ತಿದೆ ಅಂತ ಡಾಕ್ಟರ್ ಹೇಳಿದರೂ ಕಪ್ಪುಗುಡ್ಡೆಯ ಕೆಳಗೆ ಬಿಳಿ ಕೀವು ನಿಂತೇ ಇದೆ, ಅದೆಲ್ಲ ಬ್ಯಾಕ್ಟೀರಿಯಾನಾ ಅಂತ ಕೇಳಿದ್ದೀರಿ. ಅಲ್ಲ. ಅದು ಬಹುಪಾಲು ಅವನದೇ ಬಿಳಿ ರಕ್ತಕಣ.

ನಾನು ಕಣ್ಣಾಸ್ಪತ್ರೆಯೊಂದರ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಹುಣ್ಣನ್ನು ಕೆರೆದು ಸ್ಲೈಡಿಗೆ ಸವರಿ ಕಳಿಸುತ್ತಾರೆ. ಗ್ರಾಮ್ ಸ್ಟೇನ್ ಎಂಬ ಬಣ್ಣ ಹಾಕಿ ನೋಡಿದರೆ ಎಲ್ಲಿ ನೋಡಿದರೂ ನ್ಯೂಟ್ರೋಫಿಲ್‌ಗಳೇ, ಅಂದರೆ ಸೋಂಕಿನ ಜಾಗಕ್ಕೆ ಮೊದಲು ಧಾವಿಸುವ ಬಿಳಿ ರಕ್ತಕಣಗಳು. ಒಂದೊಂದರೊಳಗೂ ತುಂಡುತುಂಡಾಗಿ ಕಾಣುವ ನ್ಯೂಕ್ಲಿಯಸ್, ಎಷ್ಟೋ ಆಗಲೇ ಸತ್ತು ಹರಿದುಹೋಗಿರುತ್ತವೆ. ಹುಡುಕಿದರೆ ನಡುನಡುವೆ ಸಣ್ಣ ಗುಲಾಬಿ ಕಡ್ಡಿಗಳು, ಅವು ಬ್ಯಾಕ್ಟೀರಿಯಾ.

ಕಾರ್ನಿಯಾ ಅರ್ಧ ಮಿಲಿಮೀಟರಿನಷ್ಟು ದಪ್ಪ, ಅದರಲ್ಲಿ ರಕ್ತನಾಳವೇ ಇಲ್ಲ. ಕಣ್ಣೀರಿನಲ್ಲಿ ಬ್ಯಾಕ್ಟೀರಿಯಾ ಗೋಡೆ ಒಡೆಯುವ ಕಿಣ್ವವಾದ ಲೈಸೋಝೈಮ್ (ಪೆನಿಸಿಲಿನ್ ಖ್ಯಾತಿಯ ಫ್ಲೆಮಿಂಗ್ 1922ರಲ್ಲೇ ಇದರ ಬಗ್ಗೆ ಬರೆದಿದ್ದರು) ಸ್ಯೂಡೋಮೊನಾಸ್‌ಗೆ ಅಷ್ಟಾಗಿ ತಾಗುವುದಿಲ್ಲ, ಅದಕ್ಕೆ ಹೊರಗೊಂದು ಪೊರೆ ಜಾಸ್ತಿ ಇದೆ. ಲೆನ್ಸ್‌ನಿಂದ ಕಾರ್ನಿಯಾದ ಮೇಲ್ಪದರ ತರಚಿದರೆ ಈ ಬ್ಯಾಕ್ಟೀರಿಯಾ ಒಳಗೆ ನುಗ್ಗುತ್ತದೆ. ಆಗ ಅಲ್ಲಿನ ಜೀವಕೋಶಗಳು, ಮ್ಯಾಕ್ರೋಫೇಜ್‌ಗಳು (ಕ್ರಿಮಿ ನುಂಗುವ ಕಾವಲು ಕೋಶಗಳು) ಅದರ ಬಾಲವನ್ನೂ ಪೊರೆಯನ್ನೂ ಗುರುತು ಹಿಡಿದು ಐಎಲ್-1, ಐಎಲ್-8 ತರದ ಸಂಕೇತ ಪ್ರೋಟೀನ್‌ಗಳನ್ನು ಬಿಡುತ್ತವೆ. ಕೆಲವೇ ಗಂಟೆಗಳಲ್ಲಿ ಕಪ್ಪುಗುಡ್ಡೆ ಅಂಚಿನ ರಕ್ತನಾಳಗಳಿಂದ ನ್ಯೂಟ್ರೋಫಿಲ್‌ಗಳು ಹೊರಬರುತ್ತವೆ, ಸುತ್ತ ಕೆಂಪಾಗುವುದು ಅದಕ್ಕೇ. ಕಣ್ಣಿನ ಒಳಗೆ ಐರಿಸ್ (ಕಣ್ಣಿನ ಬಣ್ಣದ ಭಾಗ) ಕಡೆಯಿಂದ ಬಂದವು ತಳಕ್ಕಿಳಿದು ಕೂರುತ್ತವೆ. ನಿಮಗೆ ಕಾಣುತ್ತಿರುವ ಕೀವು ಅದೇ, ಹೈಪೋಪಿಯಾನ್. ಕಾರ್ನಿಯಾ ತೂತಾಗಿಲ್ಲದಿದ್ದರೆ ಅದರಲ್ಲಿ ಸಾಮಾನ್ಯವಾಗಿ ಜೀವಂತ ಬ್ಯಾಕ್ಟೀರಿಯಾ ಇರುವುದಿಲ್ಲ.

ನ್ಯೂಟ್ರೋಫಿಲ್ ಬಾರದಿದ್ದರೆ ಸೋಂಕು ಹತೋಟಿಗೆ ಬರುವುದಿಲ್ಲ. ಬಂದರೂ ಕಷ್ಟವೇ. ಬ್ಯಾಕ್ಟೀರಿಯಾ ಕೊಲ್ಲಲು ಅವು ಸುರಿಯುವ ಎಲಾಸ್ಟೇಸ್ ಮುಂತಾದ ಕಿಣ್ವಗಳು ಕಾರ್ನಿಯಾವನ್ನು ಕಟ್ಟಿರುವ ಕೊಲಾಜನ್ ಎಂಬ ಪ್ರೋಟೀನ್ ಎಳೆಗಳನ್ನೂ ಕರಗಿಸುತ್ತವೆ, ಜೊತೆಗೆ ಬ್ಯಾಕ್ಟೀರಿಯಾದ ಕಿಣ್ವ ಬೇರೆ. ಎಳೆಗಳು ಸಾಲಾಗಿದ್ದರೆ ಮಾತ್ರ ಬೆಳಕು ದಾಟುತ್ತದೆ. ವಾಸಿಯಾಗುವಾಗ ಹೊಸ ಎಳೆಗಳು ಅಡ್ಡಾದಿಡ್ಡಿ ಬೆಳೆದು ಬಿಳಿ ಕಲೆ ನಿಲ್ಲುತ್ತದೆ. ಇನ್ನೊಂದು, ಸತ್ತ ಬ್ಯಾಕ್ಟೀರಿಯಾದ ಚೂರುಗಳೂ ನ್ಯೂಟ್ರೋಫಿಲ್‌ಗಳನ್ನು ಕರೆಯುತ್ತಲೇ ಇರುತ್ತವೆ, ಹಾಗಾಗಿ ಕೀವು ಒಮ್ಮೆಲೇ ಹೋಗುವುದಿಲ್ಲ.

ಹಾಗಾದರೆ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಡ್ರಾಪ್ಸ್ ಹಾಕಿ ಈ ನ್ಯೂಟ್ರೋಫಿಲ್‌ಗಳನ್ನು ತಡೆಯಬಹುದಲ್ವಾ? 500 ರೋಗಿಗಳ ಮೇಲೆ, ಹೆಚ್ಚಿನವರು ತಮಿಳುನಾಡಿನ ಅರವಿಂದ್ ಕಣ್ಣಾಸ್ಪತ್ರೆಗಳವರು, ಇದನ್ನೇ ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಕೊಟ್ಟರು. 48 ಗಂಟೆ ಆಂಟಿಬಯೋಟಿಕ್ ಹಾಕಿದ ಮೇಲೆ ಅರ್ಧ ಜನಕ್ಕೆ ಸ್ಟೀರಾಯ್ಡ್ ಸೇರಿಸಿದರು. 3 ತಿಂಗಳ ನಂತರ ಒಟ್ಟಾರೆ ದೃಷ್ಟಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಹುಣ್ಣು ಫಂಗಸ್‌ನದ್ದಾಗಿದ್ದರಂತೂ ಸ್ಟೀರಾಯ್ಡ್ ಕಣ್ಣನ್ನೇ ಕಳೆಯಬಹುದು. ಹಾಗಾಗಿ ಅದು ಡಾಕ್ಟರ್ ನಿರ್ಧಾರ. ಮೆಡಿಕಲ್ ಶಾಪ್‌ನವರ ಮಾತು ಕೇಳಿ ಸುಮ್ನೆ ಹಾಕಬೇಡಿ.

ಸದ್ಯಕ್ಕೆ ನೋವು, ಹುಣ್ಣಿನ ಅಗಲ, ಕೀವಿನ ಎತ್ತರ ಇವಿಷ್ಟನ್ನು ಗಮನಿಸಿ. ಯಾವುದೇ ಒಂದು ಜಾಸ್ತಿಯಾದರೂ ಬೆಳಗಾಗಲಿ ಅಂತ ಕಾಯಬೇಡಿ, ಸ್ಯೂಡೋಮೊನಾಸ್ ಒಂದೆರಡು ದಿನದಲ್ಲೇ ಕಾರ್ನಿಯಾ ಕರಗಿಸಬಲ್ಲದು.