ಹಳೆಯ ಲ್ಯಾಪ್‌ಟಾಪ್ ಬಿಸಿಯೇರಿ ಆಫ್ ಆಗುತ್ತಿದ್ದರೆ

ಪ್ರಶ್ನೆ: ಸುಮಾರು ಹತ್ತು ವರ್ಷ ಹಳೆಯದಾದ, ಇಂಟೆಲ್ ಪ್ರೊಸೆಸರ್ ಮತ್ತು ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಮಿಂಟ್ ಕಾರ್ಯಾಚರಣ ವ್ಯವಸ್ಥೆ (ಆಪರೇಟಿಂಗ್ ಸಿಸ್ಟಂ) ಬಳಸುತ್ತಿದ್ದೇನೆ. ವಿಡಿಯೊ ನೋಡುವಾಗ ಅದು ವಿಪರೀತ ಬಿಸಿಯಾಗಿ, ಕೆಲವೊಮ್ಮೆ ತಾನಾಗಿಯೇ ಆಫ್ ಆಗುತ್ತದೆ. ಒಳಗಿನ ತಾಪಮಾನವನ್ನೂ ಬಿಡಿಭಾಗಗಳ ಸ್ಥಿತಿಯನ್ನೂ ತಿಳಿಯುವುದು ಹೇಗೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಎಲ್ಲಕ್ಕಿಂತ ಮೊದಲು ನಿಮ್ಮ ಮುಖ್ಯ ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಿ, ಹಠಾತ್ತನೆ ಆಫ್ ಆಗುವ ಯಂತ್ರವನ್ನು ನಂಬಿ ಕೂರುವಂತಿಲ್ಲ.

ತಾಪಮಾನ ನೋಡಲು ‘ಎಲ್‌ಎಂ-ಸೆನ್ಸರ್ಸ್’ ತಂತ್ರಾಂಶ ಸಾಕು. ಅದನ್ನು ಅನುಸ್ಥಾಪಿಸಿ, ಟರ್ಮಿನಲ್‌ನಲ್ಲಿ (ಆದೇಶಗಳನ್ನು ಟೈಪಿಸುವ ಕಿಟಕಿ) ‘ಸೆನ್ಸರ್ಸ್’ ಆದೇಶ ಕೊಟ್ಟರೆ ಪ್ರೊಸೆಸರಿನ ಪ್ರತಿ ಕೋರ್‌ನ, ಅಂದರೆ ಲೆಕ್ಕ ಮಾಡುವ ಘಟಕದ, ತಾಪಮಾನವೂ ಅದರ ಪಕ್ಕದಲ್ಲೇ ಗರಿಷ್ಠ ಮಿತಿಯೂ ಕಾಣುತ್ತವೆ. ಇಂಟೆಲ್‌ನ ಅನೇಕ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ಈ ಮಿತಿ 100 ಅಥವಾ 105 ಡಿಗ್ರಿ ಸೆಲ್ಸಿಯಸ್. ಮಿತಿ ಮುಟ್ಟಿದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದರಿಂದಲೂ ಬಿಸಿ ಇಳಿಯದಿದ್ದರೆ ಯಂತ್ರ ಆಫ್ ಆಗುತ್ತದೆ. ಒಮ್ಮೆ ಕಂಡ ಅಂಕಿಯಿಂದ ಏನನ್ನೂ ನಿರ್ಧರಿಸಬೇಡಿ. ‘ಸೆನ್ಸರ್ಸ್’ ಪದಕ್ಕೆ ಮೊದಲು ‘ವಾಚ್’ ಸೇರಿಸಿದರೆ ಅಂಕಿಗಳು 2 ಸೆಕೆಂಡಿಗೊಮ್ಮೆ ಹೊಸದಾಗುತ್ತವೆ. ಆ ಕಿಟಕಿಯನ್ನು ತೆರೆದಿಟ್ಟು ವಿಡಿಯೊ ಓಡಿಸಿ. ತಾಪಮಾನ ಬೇಗನೆ 90 ದಾಟಿ, ಫ್ಯಾನ್ ಜೋರಾಗಿ ಸದ್ದು ಮಾಡುತ್ತಿದ್ದರೂ ಪಕ್ಕದ ಕಿಂಡಿಯಿಂದ ಗಾಳಿ ಸರಿಯಾಗಿ ಹೊರಬಾರದಿದ್ದರೆ ದೂಳೇ ಕಾರಣವಿರಬೇಕು. ಫ್ಯಾನಿಗೂ ಬಿಸಿ ಹೊರಹಾಕುವ ಲೋಹದ ತೆಳು ರೆಕ್ಕೆಗಳಿಗೂ ನಡುವೆ ದೂಳು ಕಂಬಳಿಯಂತೆ ಹೆಣೆದುಕೊಂಡಿರುತ್ತದೆ. ಫ್ಯಾನ್ ಬಿಚ್ಚದ ಹೊರತು ಅದು ಕಣ್ಣಿಗೆ ಬೀಳುವುದಿಲ್ಲ. ಬಿಚ್ಚಿಸಿದಾಗಲೇ ಪ್ರೊಸೆಸರಿನ ಮೇಲೆ ಒಣಗಿರುವ ಥರ್ಮಲ್ ಪೇಸ್ಟನ್ನೂ (ಪ್ರೊಸೆಸರಿನ ಬಿಸಿಯನ್ನು ಲೋಹಕ್ಕೆ ದಾಟಿಸುವ ಲೇಪ) ಬದಲಾಯಿಸಿಕೊಳ್ಳಿ.

ಬಿಸಿ ಹೆಚ್ಚಿಲ್ಲದಿದ್ದರೂ, ಅದರಲ್ಲೂ ಚಾರ್ಜರ್ ತೆಗೆದಾಗ ಮಾತ್ರ ಆಫ್ ಆಗುವುದಾದರೆ, ಬ್ಯಾಟರಿಯನ್ನು ಸಂಶಯಿಸಿ. ‘ಯುಪವರ್’ ಆದೇಶವು ಅದರ ಮೂಲ ಸಾಮರ್ಥ್ಯವನ್ನೂ ಈಗ ಉಳಿದಿರುವುದನ್ನೂ ತೋರಿಸುತ್ತದೆ.

ಹಾರ್ಡ್ ಡಿಸ್ಕಿಗೆ ‘ಸ್ಮಾರ್ಟ್‌ಮೊನ್‌ಟೂಲ್ಸ್’ ಹಾಕಿಕೊಂಡು ‘ಸ್ಮಾರ್ಟ್‌ಸಿಟಿಎಲ್’ ಆದೇಶದಿಂದ ಪೂರ್ಣ ವರದಿ ಪಡೆಯಿರಿ. ಮೇಲ್ಭಾಗದಲ್ಲಿ ‘ಪಾಸ್ಡ್’ ಎಂದಿದೆಯೆಂದು ನಿಶ್ಚಿಂತರಾಗಬಾರದು, ಏಕೆಂದರೆ ಕೆಡುತ್ತಿರುವ ಎಷ್ಟೋ ಡಿಸ್ಕುಗಳೂ ಹಾಗೆಯೇ ಹೇಳುತ್ತವೆ. ಪಟ್ಟಿಯಲ್ಲಿ ಆರಂಭದಲ್ಲೇ 5, 197 ಮತ್ತು 198 ಎಂಬ ಸಂಖ್ಯೆಯಿರುವ ಸಾಲುಗಳ ಕೊನೆಯ ಕಾಲಮ್‌ನ ಮೌಲ್ಯ ಸೊನ್ನೆಯಾಗಿರಬೇಕು. 5 ಸಂಖ್ಯೆಯ ಸಾಲು ಡಿಸ್ಕ್ ಈಗಾಗಲೇ ಕೈಬಿಟ್ಟು ಬದಲಿ ಜಾಗ ಕೊಟ್ಟಿರುವ ಸೆಕ್ಟರ್‌ಗಳ (ದತ್ತಾಂಶ ಬರೆಯುವ ಚಿಕ್ಕ ಭಾಗಗಳು) ಲೆಕ್ಕ. 197 ಓದಲಾಗದೆ ಬಾಕಿ ಉಳಿದವುಗಳ ಲೆಕ್ಕ, 198 ಪರೀಕ್ಷೆಯಲ್ಲಿ ಸರಿಪಡಿಸಲಾಗದವೆಂದು ಕಂಡವುಗಳ ಲೆಕ್ಕ. ವಾರದಿಂದ ವಾರಕ್ಕೆ ಇವು ಏರುತ್ತಿದ್ದರೆ ದುರಸ್ತಿಗೆ ಹಣ ಹಾಕದೆ, ಅದರ ಬದಲು ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ಚಿಪ್ಪುಗಳಲ್ಲಿ ದತ್ತಾಂಶ ಇಡುವ ಡಿಸ್ಕ್) ಒಂದನ್ನು ಹಾಕಿಸಿಕೊಳ್ಳಿ.